ಶವಯಾತ್ರೆಯ ಮುಂದೆ ರಜೆಯ ಗಾಡಿ

ಕುದುರೆಯ ವಿಷಯ ತನಗೆ ಗೊತ್ತು ಎಂದು ಮಲಾಕಿ ಟನ್ನಿ ಹೇಳಿದ್ದು ಒಂದೇ ಒಂದು ಸಲ, ಅದೂ ಶನಿವಾರ ಬೆಳಿಗ್ಗೆ. ಸೋಮವಾರ ಮಧ್ಯಾಹ್ನದ ಹೊತ್ತಿಗೆ ಅವನು ಗುರುತಿಲ್ಲದ ಯಾರದೋ ಶವಪೆಟ್ಟಿಗೆಗೆ ಹೆಗಲು ಕೊಟ್ಟು ನಿಂತಿದ್ದ. ಈ ಎರಡರ ನಡುವೆ ನಡೆದದ್ದರಲ್ಲಿ ಅವನ ತಪ್ಪು ಎಷ್ಟು, ಕುದುರೆಯ ತಪ್ಪು ಎಷ್ಟು ಎಂಬ ಬಗ್ಗೆ ನಮ್ಮ ಊರಿನಲ್ಲಿ ಇನ್ನೂ ಒಮ್ಮತವಿಲ್ಲ. ನಾನು ಕುದುರೆಯ ಪರ.

ಮಲಾಕಿ ನಮ್ಮ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಮೊಳೆ, ತಿರುಪು, ಬಣ್ಣದ ಡಬ್ಬ ತೂಗಿ ಅಳೆದು ಕೊಡುವವನು. ಗಿಡ್ಡ ಆಳು, ಮೆದು ಸ್ವಭಾವ. ಎದುರಿಗಿದ್ದವರಿಗೆ ಬೇಸರವಾಗುವ ಮಾತು ಅವನ ಗಂಟಲಿನಿಂದ ಮೇಲೆ ಬರುವುದಿಲ್ಲ. ಅಂಗಡಿಯಲ್ಲಿ ಇಲ್ಲದ ಸಾಮಾನು ಯಾರಾದರೂ ಕೇಳಿದರೆ ನೋಡುತ್ತೇನೆ ಎಂದು ಹಿಂದಿನ ಕೋಣೆಗೆ ಹೋಗಿ, ಗಿರಾಕಿ ಬೇಸತ್ತು ಹೊರಟುಹೋಗುವವರೆಗೂ ಅಲ್ಲಿಯೇ ಕತ್ತಲಲ್ಲಿ ನಿಂತಿರುತ್ತಾನೆ. ಇಂಥವನು ಹೆಂಡತಿ ಡಿಂಪ್ನಾಳನ್ನು ಕರೆದುಕೊಂಡು ಒಂದು ವಾರ ಕಮಾನು ಗಾಡಿಯಲ್ಲಿ ತಿರುಗಾಡಲು ಹೊರಟ. ಹಸಿರು ಬಣ್ಣ ಬಳಿದ, ಕ್ಯಾನ್ವಾಸಿನ ಗುಂಡು ಚಾವಣಿಯ, ಒಳಗೆ ಮಂಚವೂ ಪುಟ್ಟ ಒಲೆಯೂ ಇರುವ ಹಳೆಯ ಕಾಲದ ಅಲೆಮಾರಿಗಳ ಗಾಡಿ. ಈಗ ಅಲೆಮಾರಿಗಳು ವ್ಯಾನುಗಳಲ್ಲಿ ಓಡಾಡುತ್ತಾರೆ. ಗಾಡಿಯಲ್ಲಿ ಹೋಗುವವರು ನಮ್ಮಂಥ ಮನೆಮಠ ಇರುವವರು.

ಗಾಡಿ ಬಾಡಿಗೆಗೆ ಕೊಡುವ ಜಾರ್ಲತ್ ಫಾಯ್, ಹಿಂದೆ ಎಂದಾದರೂ ಕುದುರೆ ಹಿಡಿದಿದ್ದೀರಾ ಎಂದು ವಾಡಿಕೆಯಂತೆ ಕೇಳಿದ. ಪಕ್ಕದಲ್ಲಿ ಜರ್ಮನಿಯ ದಂಪತಿಗಳಿಬ್ಬರು ನೋಟ್‌ಬುಕ್ ಹಿಡಿದು ನಿಂತಿದ್ದರು. ಅವರು ನೋಡುತ್ತಿದ್ದರಲ್ಲ, ಅದೇ ಕಾರಣ. "ನಮ್ಮದು ಕುದುರೆ ಮನೆತನ," ಎಂದುಬಿಟ್ಟ ಮಲಾಕಿ. ಅವನ ಅಜ್ಜನದು ಸೈಕಲ್ ರಿಪೇರಿ ಅಂಗಡಿ. ಕುದುರೆಗೂ ಆ ಮನೆತನಕ್ಕೂ ಇದ್ದ ಸಂಬಂಧವೆಂದರೆ, ಒಮ್ಮೆ ಸಂತೆಯಲ್ಲಿ ಒಂದು ಕುದುರೆ ಅಜ್ಜನಿಗೆ ಒದ್ದಿತ್ತು.

ಹೀಗಾಗಿ ಒಂದು ಗಂಟೆಯ ಪಾಠ ಜರ್ಮನರಿಗೆ ಮಾತ್ರ ನಡೆಯಿತು. ಮಲಾಕಿ ಗೇಟಿಗೆ ಒರಗಿ ನಿಂತು ಪರೀಕ್ಷಕನಂತೆ ತಲೆದೂಗಿದ. ಹೊರಡುವಾಗ ಫಾಯ್ ಎರಡೇ ಮಾತು ಹೇಳಿದ: ಈ ಗಾಡಿಯನ್ನು ಹಿಂದಕ್ಕೆ ತಳ್ಳಿಸಬೇಡಿ, ಚಕ್ರವನ್ನು ರಸ್ತೆಯಂಚಿನ ಹುಲ್ಲಿಗೆ ಇಳಿಸಬೇಡಿ. ಕುದುರೆಯ ಹೆಸರು ಬಿಷಪ್. ಕಪ್ಪು ಮೈ, ಕುತ್ತಿಗೆಯ ಸುತ್ತ ಬಿಳಿ ಪಟ್ಟಿ, ಯಾವ ಕಾರಣಕ್ಕೂ ಅವಸರವಿಲ್ಲ.

ಭಾನುವಾರ ಹೇಗೋ ಕಳೆಯಿತು. ಸೋಮವಾರ ಹನ್ನೊಂದರ ಸುಮಾರಿಗೆ ಒಂದು ಕೂಡುದಾರಿಯಲ್ಲಿ ಮಲಾಕಿ ಬಲಕ್ಕೆ ಎಳೆದ, ಬಿಷಪ್ ಎಡಕ್ಕೆ ಹೊರಟ. ಎಡಕ್ಕೆ ಹೋಗಬೇಕೆಂದೇ ತನ್ನ ಯೋಚನೆಯೂ ಇತ್ತು ಎಂದು ಮಲಾಕಿ ಹೆಂಡತಿಗೆ ತಿಳಿಸಿದ. ಅದು ಒಂದೇ ಗಾಡಿ ಹಿಡಿಸುವ ದಾರಿ. ಎರಡೂ ಬದಿ ಹುಲ್ಲು, ಹುಲ್ಲಿನಾಚೆ ನೀರು ತುಂಬಿದ ಕಾಲುವೆ. ಜಿನುಗು ಮಳೆ. ಕಾಲು ಮೈಲಿ ಹೋಗುವಷ್ಟರಲ್ಲಿ ಅವನಿಗೆ ಒಂದು ವಿಶೇಷ ಕಾಣಿಸಿತು. ಎದುರಿಗೆ ಬಂದ ಟ್ರ್ಯಾಕ್ಟರು ದೂರದಲ್ಲಿಯೇ ಒಂದು ಹೊಲದ ಗೇಟಿನೊಳಗೆ ಸರಿದು ನಿಂತಿತು, ಚಾಲಕ ಟೋಪಿ ತೆಗೆದ. ಮುಂದೆ ಇಬ್ಬರು ಹೆಂಗಸರು ನಿಂತು ತಲೆ ತಗ್ಗಿಸಿದರು. ಬೇಲಿ ಕತ್ತರಿಸುತ್ತಿದ್ದ ಮುದುಕನೊಬ್ಬ ಕತ್ತರಿ ಕೆಳಗಿಟ್ಟು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ.

ಚೆನ್ನಾಗಿ ಗಾಡಿ ಹೊಡೆಯುವವನನ್ನು ಕಂಡರೆ ಹಳ್ಳಿಯ ಜನಕ್ಕೆ ಈಗಲೂ ಗೌರವವಿದೆ ಎಂದು ಮಲಾಕಿ ಅಂದುಕೊಂಡ. ಬೆನ್ನು ನೆಟ್ಟಗೆ ಮಾಡಿ, ಒಂದು ಕೈಯೆತ್ತಿ, ಎಡಕ್ಕೂ ಬಲಕ್ಕೂ ಮೆಲ್ಲಗೆ ವಂದಿಸುತ್ತ ಸಾಗಿದ. ಹೀಗೆ ಅರ್ಧ ಮೈಲಿ.

ಒಳಗೆ ಆಲೂಗಡ್ಡೆ ಸುಲಿಯುತ್ತಿದ್ದ ಡಿಂಪ್ನಾ ಸಿಪ್ಪೆ ಎಸೆಯಲೆಂದು ಹಿಂದಿನ ಕಿಟಕಿ ತೆರೆದವಳು ಹಾಗೆಯೇ ಮುಚ್ಚಿದಳು.

"ಮಲಾಕಿ, ನಮ್ಮ ಹಿಂದೆ ಒಂದು ಹೆಣದ ಗಾಡಿ ಬರ್ತಿದೆ."

"ಎಷ್ಟು ಹಿಂದೆ?"

"ಡ್ರೈವರ್ ಗಲ್ಲದ ಹತ್ರ ಸರಿಯಾಗಿ ಗಡ್ಡ ಕೆರೆದಿಲ್ಲ. ಅದೂ ಕಾಣ್ತಿದೆ."

ನಮ್ಮ ಕಡೆ ಶವಯಾತ್ರೆಯನ್ನು ಯಾರೂ ಹಿಂದೆ ಹಾಕಿ ಹೋಗುವುದಿಲ್ಲ. ಎದುರಾದವರು ನಿಲ್ಲುತ್ತಾರೆ, ತಿರುಗಿ ಅದರ ಜೊತೆ ಮೂರು ಹೆಜ್ಜೆ ನಡೆಯುತ್ತಾರೆ, ಆಮೇಲೆ ತಮ್ಮ ದಾರಿ ಹಿಡಿಯುತ್ತಾರೆ. ಹಿಂದೆ ಸಿಕ್ಕಿಕೊಂಡವರು ಎಷ್ಟೇ ಅವಸರವಿದ್ದರೂ ಹಿಂದೆಯೇ ಉಳಿಯುತ್ತಾರೆ. ಆದರೆ ಶವಯಾತ್ರೆಯ ಮುಂದೆಯೇ ಯಾರಾದರೂ ಹೋಗುತ್ತಿದ್ದರೆ ಏನು ಮಾಡಬೇಕೆಂಬ ಬಗ್ಗೆ ಪದ್ಧತಿ ಏನೂ ಹೇಳುವುದಿಲ್ಲ. ಅಷ್ಟು ದಡ್ಡತನ ಯಾರಾದರೂ ಮಾಡಿಯಾರೆಂದು ಹಿರಿಯರಿಗೆ ಹೊಳೆದಿರಲಿಲ್ಲ.

ಪಕ್ಕಕ್ಕೆ ಸರಿ ಎಂದಳು ಡಿಂಪ್ನಾ. ಹುಲ್ಲಿಗೆ ಇಳಿಸಬಾರದು ಎಂದ ಮಲಾಕಿ. ಹಾಗಾದರೆ ಬೇಗ ಓಡಿಸು ಎಂದಳು. ಮಲಾಕಿ ಬಿಷಪ್‌ಗೆ ಹಾಗೆ ಸೂಚಿಸಿದ. ಬಿಷಪ್ ನಿಂತು, ಸೂಚನೆಯನ್ನು ಪರಿಶೀಲಿಸಿ, ಮೊದಲಿಗಿಂತ ನಿಧಾನವಾಗಿ ಹೊರಟ. ಹಿಂದೆ ಹೆಣದ ಗಾಡಿ, ಅದರ ಹಿಂದೆ ಅರುವತ್ತು ಕಾರು, ಯಾರೂ ಹಾರ್ನ್ ಮಾಡುವುದಿಲ್ಲ. ಹಾರ್ನ್ ಮಾಡಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಆ ಪೆಟ್ಟಿಗೆಯಲ್ಲಿದ್ದವನು ಡಡ್ಲಿ ಮ್ಯಾನಿಯನ್, ಎಪ್ಪತ್ತೆಂಟರ ಬ್ರಹ್ಮಚಾರಿ. ಮನೆಯಲ್ಲಿ ಅವನೂ ತಂಗಿ ಸಬೀನಾಳೂ ಇಬ್ಬರೇ. ಇನ್ನೊಬ್ಬ ತಮ್ಮನಿದ್ದ, ಕೋಲ್ಮನ್. ನಲವತ್ತು ವರ್ಷದ ಹಿಂದೆ ಅವನು ಒಬ್ಬ ಅಲೆಮಾರಿ ಹುಡುಗಿಯನ್ನು ಮದುವೆಯಾಗಿ, ಇಂಥದೇ ಹಸಿರು ಕಮಾನು ಗಾಡಿಯಲ್ಲಿ ಅವಳನ್ನು ಕೂರಿಸಿಕೊಂಡು ಮನೆಗೆ ಬಂದ. ಡಡ್ಲಿ ಗೇಟು ತೆಗೆಯಲಿಲ್ಲ. ಗಾಡಿ ಇಡೀ ದಿನ ರಸ್ತೆಯಲ್ಲಿ ನಿಂತಿದ್ದು ಹೊರಟುಹೋಯಿತು. ಸಬೀನಾ ಕಿಟಕಿಯಲ್ಲಿ ನಿಂತು ನೋಡಿದಳು, ಹೊರಗೆ ಬರಲಿಲ್ಲ. ಆಮೇಲೆ ಆ ಮನೆಯಲ್ಲಿ ಕೋಲ್ಮನ್ ಹೆಸರು ಎತ್ತಿದವರಿಲ್ಲ. ಅವನು ಎಲ್ಲೋ ತೀರಿಕೊಂಡನಂತೆ, ಮಕ್ಕಳಿದ್ದಾರಂತೆ, ಅಷ್ಟೇ ಸುದ್ದಿ.

ಶನಿವಾರ ಬೆಳಗಿನ ವಾರ್ತೆ ಮುಗಿದ ಮೇಲೆ ಜಿಲ್ಲಾ ರೇಡಿಯೋದಲ್ಲಿ ಸಾವಿನ ಸುದ್ದಿಗಳನ್ನು ಓದುತ್ತಿದ್ದಾಗ, ಸಬೀನಾ ಬರೆಸಿದ್ದ ಸಾಲು ಕೇಳಿ ಆ ಊರಿನ ಇಗರ್ಜಿಗೆ ಸೇರಿದ ಇಡೀ ಪ್ಯಾರಿಷ್ ಚಹದ ಬಟ್ಟಲು ಕೆಳಗಿಟ್ಟಿತು. ಡಡ್ಲಿ, ಕೋಲ್ಮನ್‌ನ ಅಣ್ಣ. ಕೋಲ್ಮನ್ ಮಕ್ಕಳ ದೊಡ್ಡಪ್ಪ. ಅವರಲ್ಲಿ ಒಬ್ಬರಾದರೂ ಬಂದು ಸಮಾಧಿಯ ಬಳಿ ತನ್ನ ಪಕ್ಕ ನಿಲ್ಲಲಿ ಎಂಬುದೊಂದೇ ಅವಳ ಆಸೆ. ಹತ್ತಕ್ಕೆ ಹೊರಡಬೇಕಿದ್ದ ಪೆಟ್ಟಿಗೆಯನ್ನು ಅವಳು ಹನ್ನೊಂದರವರೆಗೆ ಮನೆಯಲ್ಲೇ ಹಿಡಿದಿಟ್ಟಳು. ಯಾರೂ ಬರಲಿಲ್ಲ. ಕೊನೆಗೆ ಹೊರಟರು. ಮೊದಲ ತಿರುವು ದಾಟಿದರೆ ಎದುರಿಗೇ ಹಸಿರು ಕಮಾನು ಗಾಡಿ, ಕಾಯುತ್ತಿದ್ದಂತೆ, ಮೆಲ್ಲಗೆ ಮುಂದೆ ಸಾಗುತ್ತಿದೆ.

ಅಂತ್ಯಕ್ರಿಯೆಯ ಮೇಲ್ವಿಚಾರಕ ಟಿಯರ್ನಿ ಆರೂವರೆ ಅಡಿ ಎತ್ತರದ ಮನುಷ್ಯ. ಅವನು ಕೊಡೆ ಹಿಡಿದು ಹೆಣದ ಗಾಡಿಯಿಂದ ಇಳಿದು, ನಡೆದುಕೊಂಡೇ ಬಂದು ಬಿಷಪ್‌ನ ಜೊತೆಗೂಡಿದ. ಬೈಯಲು ಬಂದನೆಂದು ಮಲಾಕಿ ಕುಗ್ಗಿ ಕುಳಿತ.

"ಸಬೀನಾ ಹೇಳಿ ಕಳಿಸಿದಾಳೆ," ಎಂದ ಟಿಯರ್ನಿ ತಗ್ಗಿದ ದನಿಯಲ್ಲಿ. "ನೀವು ಮುಂದೇನೇ ಇರ್ಬೇಕಂತೆ. ಅದೇ ಸರಿಯಂತೆ."

ಸಬೀನಾ ಯಾರೆಂದು ಮಲಾಕಿಗೆ ಗೊತ್ತಿಲ್ಲ. ಗಾಡಿ ಪಕ್ಕಕ್ಕೆ ಸರಿಸಲು ತನಗೆ ಬರುವುದಿಲ್ಲ ಎಂದು ಹೇಳಿಬಿಟ್ಟರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಕುದುರೆ ಮನೆತನದ ಮಾತು ಇನ್ನೂ ಹಸಿಯಾಗಿತ್ತು. ತಾನು ಎಷ್ಟೋ ಮೊದಲೇ ಏನಾದರೂ ಮಾಡಬೇಕಿತ್ತು, ದಯವಿಟ್ಟು ಕ್ಷಮಿಸಬೇಕು ಎಂದು ಗೊಣಗಿದ. ಟಿಯರ್ನಿ ಅವನ ಮೊಣಕಾಲು ತಟ್ಟಿದ. ಮೂವತ್ತು ವರ್ಷದ ವೃತ್ತಿಯಲ್ಲಿ ಯಾರೂ ನೋಡಿರದ ಕಣ್ಣೀರು ಆಗ ಅವನ ಕಣ್ಣಲ್ಲಿತ್ತಂತೆ.

ಅಲ್ಲಿಂದ ಮುಂದೆ ಸುದ್ದಿ ಗಾಡಿಗಿಂತ ಬೇಗ ಓಡಿತು. ಹೆದ್ದಾರಿಯ ಅಡ್ಡದಾರಿಯಲ್ಲಿ ಪೊಲೀಸ್ ಸಾರ್ಜೆಂಟ್ ಹಾಲಿನ ಲಾರಿಯನ್ನು ತಡೆದು ನಿಲ್ಲಿಸಿ ಮಲಾಕಿಗೆ ಸೆಲ್ಯೂಟ್ ಹೊಡೆದ. ಇಗರ್ಜಿಯ ಗೇಟಿನ ಎರಡೂ ಬಾಗಿಲುಗಳು ತೆರೆದಿದ್ದವು. ಒಳಗೆ ಹುಲ್ಲಿರುವುದನ್ನು ಕಂಡ ಬಿಷಪ್ ಯಾರನ್ನೂ ಕೇಳದೆ ಒಳಗೆ ಹೋಗಿ ನಿಂತ. ಪಾದ್ರಿ ಬಂದು ಮಲಾಕಿಯ ಎರಡೂ ಕೈ ಹಿಡಿದುಕೊಂಡರು.

ಮಲಾಕಿ ಬಾಯಿ ತೆರೆದ. ಅಷ್ಟರಲ್ಲಿ ಹಿಂದಿನ ಕಾರಿನಿಂದ ಕಪ್ಪು ಕೋಟಿನ ತೆಳ್ಳಗಿನ ಮುದುಕಿಯೊಬ್ಬಳು ಇಳಿದು ನೇರ ಅವನ ಮುಂದೆ ಬಂದು ನಿಂತಳು. ಅವನ ಮುಖವನ್ನು ಹಣೆಯಿಂದ ಗಲ್ಲದವರೆಗೆ ಓದಿದಳು.

"ನಮ್ಮ ಕಡೆಯ ಮೂಗಲ್ಲ," ಎಂದಳು. "ಇರಲಿ. ಅದು ನಿಮ್ಮಮ್ಮನದಿರ್ಬೇಕು."

ಅವನ ತೋಳು ಹಿಡಿದಳು. ಆ ಹಿಡಿತದಲ್ಲಿ ಏನಿತ್ತೋ, ಮಲಾಕಿ ತೆರೆದ ಬಾಯಿಯನ್ನು ಹಾಗೆಯೇ ಮುಚ್ಚಿಕೊಂಡು ಅವಳ ಜೊತೆ ಒಳಗೆ ನಡೆದು ಮೊದಲ ಸಾಲಿನ ಬೆಂಚಿನಲ್ಲಿ ಕುಳಿತ. ಆ ಬೆಂಚಿನಲ್ಲಿ ಅವರಿಬ್ಬರೇ.

ಡಿಂಪ್ನಾಳ ಹಳದಿ ಮಳೆಯಂಗಿಯನ್ನು ಕಂಡ ಹೆಂಗಸರು ಅವಳನ್ನು ಬಾಗಿಲಲ್ಲೇ ತಡೆದು ಯಾರದೋ ಕಪ್ಪು ಕೋಟು ತೊಡಿಸಿದರು. ಅದರಲ್ಲಿ ಇನ್ನೊಬ್ಬಳಿಗೂ ಜಾಗವಿತ್ತು. ಚಳಿಗಾಲದಲ್ಲಿ ಯಾವ ರಸ್ತೆಯ ಪಕ್ಕ ಬಿಡಾರ ಹೂಡುತ್ತೀರಿ ಎಂದು ಒಬ್ಬಳು ಕನಿಕರದಿಂದ ವಿಚಾರಿಸಿದಳು. ನಮಗೆ ಮನೆಯಿದೆ ಎಂದಳು ಡಿಂಪ್ನಾ. ಒಳ್ಳೆಯದಾಯಿತು, ಸರ್ಕಾರ ಕೊಟ್ಟಿದ್ದಾ ಎಂದಳು ಅವಳು, ಕೈಚೀಲವನ್ನು ಎಡಗೈಯಿಂದ ಬಲಗೈಗೆ ದಾಟಿಸುತ್ತ. ನಾಲ್ಕೇ ನಿಮಿಷದಲ್ಲಿ ಡಿಂಪ್ನಾಗೆ ಕೋಲ್ಮನ್, ಗೇಟು, ರೇಡಿಯೋ ಎಲ್ಲವೂ ತಿಳಿಯಿತು. ಅವಳು ನೇರ ಹೋಗಿ ಎರಡನೆಯ ಸಾಲಿನಲ್ಲಿ ಮಲಾಕಿಯ ಹಿಂದೆ ಮೊಣಕಾಲೂರಿದಳು. ಪ್ರಾರ್ಥನೆ ಮಾಡುವವಳಂತೆ ಕೈಜೋಡಿಸಿ, ಅವನ ಕಿವಿಗೆ ಎಲ್ಲವನ್ನೂ ಸುರಿದಳು.

"ಅವಳು ನಿನ್ನನ್ನ ಆ ಕೋಲ್ಮನ್ ಮಗ ಅಂದ್ಕೊಂಡಿದಾಳೆ ಕಣೋ. ಈಗ್ಲೇ ಹೇಳು."

"ಈಗ್ಲೇನಾ?"

"ಇನ್ಯಾವಾಗ, ಅವಳನ್ನೂ ಹೂಳಿದ ಮೇಲಾ?"

ಮಲಾಕಿ ಸಬೀನಾಳ ಕಡೆ ವಾಲಿ, ಮೇಡಂ, ತಮಗೆ ಒಂದು ವಿಷಯ ಹೇಳಬೇಕಿತ್ತು ಎಂದ. ಅವಳು ಅವನ ಕೈ ಮೇಲೆ ಕೈಯಿಟ್ಟು, ಹೇಳುವುದು ತನಗೂ ತುಂಬ ಇದೆ, ಪೂಜೆ ಮುಗಿಯಲಿ ಎಂದಳು. ಕೈ ತೆಗೆಯಲಿಲ್ಲ. ಪಾದ್ರಿಗಳು ಅಂದಿನ ಉಪದೇಶದಲ್ಲಿ ದೂರ ಹೋದವರು ಮರಳಿ ಬರುವುದರ ಬಗ್ಗೆ ಹದಿನೆಂಟು ನಿಮಿಷ ಮಾತಾಡಿದರು. ಪ್ರತಿ ಎರಡು ನಿಮಿಷಕ್ಕೊಮ್ಮೆ ಮಲಾಕಿಯನ್ನು ನೋಡಿದರು. ಅವರು ನೋಡಿದಾಗಲೆಲ್ಲ ಇಡೀ ಇಗರ್ಜಿ ನೋಡಿತು. ಮಲಾಕಿ ತನ್ನ ಬೂಟುಗಳನ್ನು ನೋಡಿದ. ಎಂಥ ವಿನಯ ಎಂದು ಹಿಂದಿನ ಸಾಲಿನಲ್ಲಿ ಪಿಸುಮಾತು.

ಪೂಜೆ ಮುಗಿದೊಡನೆ ಹೇಳಬೇಕೆಂದು ಅವನು ಎದ್ದು ನಿಂತ. ಎದ್ದು ನಿಂತವನನ್ನು ಟಿಯರ್ನಿ ಮೆಲ್ಲಗೆ ತೋಳು ಹಿಡಿದು ಕರೆದೊಯ್ದು ಪೆಟ್ಟಿಗೆಯ ಮುಂಭಾಗದ ಎಡಕ್ಕೆ ನಿಲ್ಲಿಸಿದ. ಆರು ಜನ ಎತ್ತಬೇಕು. ಉಳಿದ ಐವರೂ ಆರಡಿಯ ಆಳುಗಳು. ಪೆಟ್ಟಿಗೆ ಮೇಲೆದ್ದಾಗ ಅದಕ್ಕೂ ಮಲಾಕಿಯ ಹೆಗಲಿಗೂ ನಡುವೆ ಒಂದು ಗೇಣು ಅಂತರ ಉಳಿಯಿತು. ಅವನು ಆ ಗೇಣನ್ನು ಬಹಳ ಗಂಭೀರವಾಗಿ ಹೊತ್ತು ನಡೆದ.

ಪೆಟ್ಟಿಗೆ ಹೊರುವಾಗ ಅದರಡಿಯಲ್ಲಿ ಅಕ್ಕಪಕ್ಕದ ಇಬ್ಬರು ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ತೋಳು ಚಾಚಿ ತಬ್ಬಿಕೊಳ್ಳುವುದು ನಮ್ಮ ಕಡೆಯ ರೂಢಿ. ಮಲಾಕಿಯನ್ನು ತಬ್ಬಿದವನು ಕೌನ್ಸಿಲರ್ ಜೆರಾಲ್ಡ್ ಹೆನೆಗನ್. ಮ್ಯಾನಿಯನ್ನರ ಹನ್ನೆರಡು ಎಕರೆಗೆ ತಾಗಿಕೊಂಡೇ ಅವನ ಹೊಲವಿದೆ. ಡಡ್ಲಿಯ ನಂತರ ಆ ಹನ್ನೆರಡು ಎಕರೆ ತನ್ನದೇ ಎಂದು ಅವನು ಬಹಳ ವರ್ಷಗಳಿಂದ ದುಃಖಕ್ಕೆ ಸಿದ್ಧನಾಗಿದ್ದ. ಮುಖದಲ್ಲಿ ಶೋಕವನ್ನು ಹಾಗೆಯೇ ಇಟ್ಟುಕೊಂಡು, ತುಟಿ ಅಲುಗಿಸದೆ ಕೇಳಿದ.

"ಜಮೀನು ಇಟ್ಕೋತೀರೋ, ಕೊಡ್ತೀರೋ?"

"ನನಗೆ ಜಮೀನಿನ ವಿಷಯ ಏನೂ ಗೊತ್ತಿಲ್ಲ."

"ಓಹೋ," ಎಂದ ಹೆನೆಗನ್. "ಕುದುರೆ ವ್ಯಾಪಾರ ಮಾಡಿದ ಕೈ ಅಂತ ಗೊತ್ತಾಗುತ್ತೆ ಬಿಡಿ."

ಇಗರ್ಜಿಯ ಹಿಂದೆಯೇ ಸ್ಮಶಾನ. ಅಲ್ಲಿಗೆ ತಲುಪುವಷ್ಟರಲ್ಲಿ ಹೆನೆಗನ್ ಅವನ ವೋಟು ಯಾವ ಊರಿನಲ್ಲಿದೆ ಎಂದು ವಿಚಾರಿಸಿದ. ಅಲೆಮಾರಿಗಳು ರಸ್ತೆಯಂಚಿನಲ್ಲಿ ಗಾಡಿ ನಿಲ್ಲಿಸಬಾರದೆಂಬ ಠರಾವನ್ನು ಕೌನ್ಸಿಲಿನಲ್ಲಿ ತಂದವನು ತಾನಲ್ಲ, ಅದು ಬೇರೆ ಹೆನೆಗನ್ ಎಂದು ತಿಳಿಸಿದ. ತಬ್ಬಿದ ತೋಳು ಇನ್ನಷ್ಟು ಬಿಗಿಯಾಯಿತು.

ಪೆಟ್ಟಿಗೆ ಮಣ್ಣಿಗಿಳಿಯಿತು. ಜಪಮಾಲೆಯ ಪ್ರಾರ್ಥನೆ ಮುಗಿಯಿತು. ಮಳೆ ಈಗ ಜಿನುಗುವುದನ್ನು ಬಿಟ್ಟು ಸುರಿಯತೊಡಗಿತ್ತು. ಮಲಾಕಿ ಕೊನೆಯ ಧೈರ್ಯ ಒಟ್ಟುಗೂಡಿಸಿ ಸಬೀನಾಳತ್ತ ತಿರುಗಿದ. ಅವಳು ಆಗಲೇ ಅವನನ್ನು ತನ್ನ ಬಲಕ್ಕೆ ನಿಲ್ಲಿಸಿಕೊಂಡಿದ್ದಳು. ಜನ ಸಾಲು ಕಟ್ಟಿದ್ದರು.

ಆ ಸಾಲನ್ನು ತಡೆಯುವ ಶಕ್ತಿ ನಮ್ಮ ದೇಶದಲ್ಲಿ ಯಾರಿಗೂ ಇಲ್ಲ. ಇನ್ನೂರು ಜನ ಒಬ್ಬೊಬ್ಬರಾಗಿ ಬಂದು ಮೊದಲು ಮಲಾಕಿಯ ಕೈ ಕುಲುಕಿ, "ನಿಮ್ಮ ದುಃಖಕ್ಕೆ ನೊಂದಿದೀನಿ," ಎಂದು ಹೇಳಿ, ಆಮೇಲೆ ಸಬೀನಾಳ ಕೈ ಕುಲುಕಿ ಅದನ್ನೇ ಹೇಳಿ ಮುಂದೆ ಹೋದರು. ಬೇಲಿ ಕತ್ತರಿಸುತ್ತಿದ್ದ ಮುದುಕ ಬಂದ. ಟ್ರ್ಯಾಕ್ಟರಿನವನು ಬಂದ. ಸಾರ್ಜೆಂಟ್ ಬಂದ. ಕೈಚೀಲದ ಹೆಂಗಸು ಬಂದು, ಮಲಾಕಿಯ ಕೈ ಕುಲುಕಿದ ಮೇಲೆ ತನ್ನ ಉಂಗುರಗಳನ್ನು ಮುಟ್ಟಿ ನೋಡಿಕೊಂಡಳು. ಹೆನೆಗನ್ ಎರಡು ಸಲ ಬಂದ. ಪ್ರತಿ ಕೈ ಕುಲುಕಿದಾಗಲೂ ಮಲಾಕಿ ಇನ್ನೊಂದು ಸುಳ್ಳಿನಷ್ಟು ಆಳಕ್ಕೆ ಇಳಿದ. ಐವತ್ತನೆಯವನಿಗೆ ಸತ್ಯ ಹೇಳಿದರೆ ಮೊದಲ ನಲವತ್ತೊಂಬತ್ತು ಜನಕ್ಕೆ ಏನು ಉತ್ತರ? ನೂರನೆಯವನು ಹೋದ ಮೇಲೆ ಅವನು ಲೆಕ್ಕ ಬಿಟ್ಟ. ಪಕ್ಕದಲ್ಲಿ ಸಬೀನಾ ಆಗಾಗ ಅವನ ತೋಳನ್ನು ಮುಟ್ಟಿ, ಅವನು ಅಲ್ಲಿಯೇ ಇರುವುದನ್ನು ಖಚಿತಪಡಿಸಿಕೊಳ್ಳುತ್ತಿದ್ದಳು. ದೂರದಲ್ಲಿ, ದೊಡ್ಡ ಕೋಟಿನೊಳಗಿಂದ ಡಿಂಪ್ನಾ ಅವನನ್ನು ನೋಡುತ್ತಿದ್ದಳು. ಅವಳ ಮುಖದಲ್ಲಿ ಈಗ ಸಿಟ್ಟೂ ಇರಲಿಲ್ಲ.

ಸಾಲು ಮುಗಿಯುತ್ತ ಬಂತು. ಕೊನೆಯಲ್ಲಿ ಒಬ್ಬ ತರುಣ ನಿಂತಿದ್ದ. ಇಪ್ಪತ್ತೈದು ಇಪ್ಪತ್ತಾರರ ದಪ್ಪ ಹೆಗಲಿನ ಆಳು, ಆ ಬೆಳಿಗ್ಗೆಯಷ್ಟೇ ಕೊಂಡ ಸೂಟು, ಮೊಣಕಾಲಿನವರೆಗೆ ಕೆಸರು. ತನ್ನ ಸರದಿ ಬಂದಾಗ ಅವನು ಮಲಾಕಿಯ ಕೈ ಹಿಡಿದು, ಎಲ್ಲರೂ ಹೇಳಿದ್ದನ್ನೇ ಹೇಳಿದ. ಆಮೇಲೆ ಹೋಗದೆ ಅಲ್ಲಿಯೇ ನಿಂತ.

"ನಾನು ಕೋಲ್ಮನ್ ಮಗ," ಎಂದ, ಮಲಾಕಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ. "ಡಡ್ಲಿ ಅಂತ. ಮನೆಗೇ ಬಂದೆ, ಆಗಲೇ ಹೊರಟುಬಿಟ್ಟಿದ್ರು. ಮೆರವಣಿಗೆ ಹಿಂದೆ ಸಿಕ್ಕೊಂಡೆ. ಹಿಂದೆ ಹಾಕಿ ಬರಬಾರದಲ್ಲ."

ಮಲಾಕಿ ಅವನ ಕೈ ಬಿಡಲಿಲ್ಲ. ಗೇಟು ತೆಗೆಯದವನು ತೀರಿಕೊಂಡಿದ್ದ. ಅವನ ಹೆಸರನ್ನೇ ಮಗನಿಗಿಟ್ಟವನೂ ತೀರಿಕೊಂಡಿದ್ದ.

"ನೀವು ಮನೆಯವರು ಅನ್ಸುತ್ತೆ," ಎಂದ ತರುಣ. "ಇಲ್ಲಿ ಒಂದು ನಿಮಿಷ ನಿಲ್ಲಬಹುದಾ? ಬೇಡ ಅಂದ್ರೆ ಹೊರಟುಹೋಗ್ತೀನಿ. ಗಲಾಟೆ ಮಾಡೋಕೆ ಬಂದಿಲ್ಲ."

ಆಮೇಲೆ ಮಲಾಕಿ ಮಾಡಿದ್ದನ್ನು ನೋಡಿದವರು ಬಹಳ ಜನ. ಹಿಡಿದ ಕೈಯನ್ನು ಬಿಡದೆಯೇ ಆ ತರುಣನನ್ನು ತನ್ನತ್ತ ಎಳೆದುಕೊಂಡು, ಅರ್ಧ ಸುತ್ತು ತಿರುಗಿ, ತಾನು ನಿಂತಿದ್ದ ಜಾಗದಲ್ಲಿ ಅವನನ್ನು ನಿಲ್ಲಿಸಿದ. ಸಬೀನಾ ಮೊದಲಿನಂತೆ ಪಕ್ಕದ ತೋಳನ್ನು ಮುಟ್ಟಿ ನೋಡಿದಳು. ತೋಳು ಬೇರೆ. ತಲೆಯೆತ್ತಿದಳು. ತರುಣನ ಮೂಗನ್ನು ನೋಡಿದಳು, ನೋಡುತ್ತಲೇ ಇದ್ದಳು. ಆಮೇಲೆ ಅವನ ತೋಳಿನೊಳಗೆ ತನ್ನ ತೋಳನ್ನು ತೂರಿಸಿದಳು.

ಹೆನೆಗನ್ ಒಬ್ಬ ವಾರಸುದಾರನಿಂದ ಇನ್ನೊಬ್ಬ ವಾರಸುದಾರನತ್ತ ಕತ್ತು ತಿರುಗಿಸಿದ. ಪಾದ್ರಿಗಳು ತಮ್ಮ ಹದಿನೆಂಟು ನಿಮಿಷಗಳನ್ನು ನೆನೆದು ಪುಸ್ತಕ ಮುಚ್ಚಿದರು. ಸಾರ್ಜೆಂಟ್ ಟೋಪಿ ತೆಗೆದಿದ್ದವನು ಹಾಕಿಕೊಳ್ಳಬೇಕೋ ಬೇಡವೋ ತಿಳಿಯದೆ ಕೈಯಲ್ಲಿಯೇ ಹಿಡಿದ. ಜನ ದಾರಿ ಬಿಟ್ಟರು. ಮಲಾಕಿ ಓಡಿಹೋಗುತ್ತಾನೆಂದು ಎಲ್ಲರೂ ಅಂದುಕೊಂಡರು. ಡಿಂಪ್ನಾ ಆಗಲೇ ಕೋಟು ಬಿಚ್ಚತೊಡಗಿದ್ದಳು.

ಮಲಾಕಿ ನಾಲ್ಕು ಹೆಜ್ಜೆ ಹೋಗಿ, ಸುತ್ತಿ ಬಂದು, ಖಾಲಿಯಾಗಿದ್ದ ಸಾಲಿನ ಕೊನೆಯಲ್ಲಿ ಒಬ್ಬನೇ ನಿಂತ. ಟೋಪಿ ತೆಗೆದ. ಮುಂದೆ ಬಂದು ತರುಣನ ಕೈ ಕುಲುಕಿ, "ನಿಮ್ಮ ದುಃಖಕ್ಕೆ ನೊಂದಿದೀನಿ," ಎಂದ. ಆಮೇಲೆ ಸಬೀನಾಳ ಕೈ ಹಿಡಿದು ಅದನ್ನೇ ಹೇಳಿದ.

ಅವಳು ಕೈ ಬಿಡಲಿಲ್ಲ.

"ನೀವ್ಯಾರು?"

"ಮಲಾಕಿ ಟನ್ನಿ. ಹಾರ್ಡ್‌ವೇರ್ ಅಂಗಡಿ. ನಾವು, ನಾನೂ ನನ್ನ ಹೆಂಡತಿನೂ, ರಜಕ್ಕೆ ಬಂದಿದ್ವಿ."

ಸಬೀನಾ ಇದನ್ನು ಯೋಚಿಸಿದಳು. ಇಗರ್ಜಿಯ ಹುಲ್ಲು ಮೇಯುತ್ತಿದ್ದ ಬಿಷಪ್‌ನನ್ನು ನೋಡಿದಳು, ಹಸಿರು ಗಾಡಿಯನ್ನು ನೋಡಿದಳು, ಮತ್ತೆ ಅವನನ್ನು ನೋಡಿದಳು. ಮಳೆ ಅವನ ಬರಿತಲೆಯಿಂದ ಕಿವಿಗಳ ಹಿಂದೆ ಇಳಿದು ಕಾಲರಿನೊಳಗೆ ಹೋಗುತ್ತಿತ್ತು.

"ರಜಕ್ಕೆ ಹವೆ ಹೇಗಿದೆ, ಪರವಾಗಿಲ್ವಾ?" ಎಂದಳು.

"ತೀರಾ ಕೆಟ್ಟದೇನಲ್ಲ," ಎಂದ ಮಲಾಕಿ.